ರೊಟ್ಟಿಯ ಅಳತೆ ಕೇಳುವವರಿಗೆ

"ನಿಮ್ಮಜ್ಜಿ ಜೋಳದ ರೊಟ್ಟಿ ರೆಸಿಪಿ ಕೊಡ್ರೀ, ಅಳತೆ ಸಮೇತ." ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದಾಗಲೂ ಕೇಳಿದ್ದಾರೆ. 2023 ಸಿರಿಧಾನ್ಯ ವರ್ಷ ಆಯ್ತಲ್ಲ, ಆಗಿನಿಂದ ಇನ್ನೂ ಜಾಸ್ತಿ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಜೋಳದ ಹಿಟ್ಟು, ನೀರು, ಉಪ್ಪು. ನಾಲ್ಕನೆಯದು ಇಲ್ಲ. ಇಲ್ಲ ಅಂದರೆ ನಂಬುವುದಿಲ್ಲ, ಏನೋ ಮುಚ್ಚಿಡುತ್ತಿದ್ದೀನಿ ಅನ್ನೋ ಹಾಗೆ ನೋಡುತ್ತಾರೆ. ಮುಚ್ಚಿಡೋಕೆ ನಾನೇನು ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟಿದ್ದೀನಾ?

ಅಳತೆಯನ್ನೂ ಒಮ್ಮೆ ಕೊಟ್ಟು ನೋಡಿದ್ದೇನೆ. ಒಂದು ಗೃಹಪ್ರವೇಶದಲ್ಲಿ ಸಂಬಂಧಿಕರ ಹುಡುಗಿಯೊಬ್ಬಳು ಬಿಡಲೇ ಇಲ್ಲ. ಮನೆಗೆ ಬಂದು ಲೋಟ ಹಿಡಿದು ಅಳೆದೆ. ಎರಡು ಲೋಟ ಹಿಟ್ಟು, ಒಂದೂವರೆ ಲೋಟ ಕುದಿಯೋ ನೀರು, ಅರ್ಧ ಚಮಚ ಉಪ್ಪು. ಮೂರನೇ ದಿನ ಫೋಟೋ ಬಂತು. ದುರ್ಗದ ಏಳು ಸುತ್ತಿನ ಕೋಟೆ ಇಷ್ಟು ಮಳೆಗಾಲ ಕಂಡರೂ ಅಷ್ಟು ಬಿರುಕು ಬಿಟ್ಟಿಲ್ಲ. ಕೆಳಗೆ ಒಂದು ಸಾಲು: "ನಿಮ್ಮ ಅಳತೆ ತಪ್ಪಿದೆ ಅಕ್ಕ."

ನನ್ನ ಅಳತೆ! ಫೋನ್ ಮಾಡಿ ಹಿಟ್ಟು ಯಾವಾಗಿನದು ಅಂತ ಕೇಳಿದೆ. ಪ್ಯಾಕೆಟ್ಟಂತೆ. "ಡೇಟ್ ಇನ್ನೂ ಮುಗಿದಿಲ್ಲ ಅಕ್ಕ" ಅಂದಳು.

ನೋಡಿ, ಗೋಧಿ ಹಿಟ್ಟಿಗೆ ಇರೋ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದಲ್ಲ, ರೊಟ್ಟಿ ನಿಲ್ಲುವುದು ಆ ಜಿಗಿಯ ಮೇಲೆ. ಹಿಟ್ಟು ಹಳತಾದಷ್ಟೂ ಅದು ಕಡಿಮೆ, ಮೇಲೆ ಸ್ವಲ್ಪ ಕಹಿ ಬೇರೆ. ಅದಕ್ಕೇ ನಮ್ಮ ಮನೆಯಲ್ಲಿ ವಾರಕ್ಕಾಗುವಷ್ಟೇ ಬಿಳಿ ಜೋಳ ಹಸನು ಮಾಡಿ ಗಿರಣಿಗೆ ಒಯ್ಯುತ್ತೇವೆ. (ರಾಗಿ ಬೀಸಿದ ಮೇಲೆ ನಮ್ಮದು ಹಾಕಬೇಡಪ್ಪ ಅಂತ ಹೇಳಲೇಬೇಕು, ಇಲ್ಲದಿದ್ದರೆ ಹಿಟ್ಟು ಬೂದಿ ಬಣ್ಣ.) ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಿ ಮುಚ್ಚಿಡಬೇಡಿ. ಒಂದು ರೊಟ್ಟಿಗಾಗುವಷ್ಟು ಮುರಿದುಕೊಂಡು, ಅಂಗೈ ಬುಡದಿಂದ ಇನ್ನೊಮ್ಮೆ ತಿಕ್ಕಿ ನಾದಿ, ಒಣ ಹಿಟ್ಟು ಹರಡಿದ ಹಲಗೆ ಮೇಲೆ ಬಡಿಯಬೇಕು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ಆಗ ಫೋನ್ ಬಂತು ಅಂತ ಆ ಕಡೆ ತಿರುಗಿದರೆ ಮುಗೀತು, ಬಿರುಕು. ನೀರು ಆರುತ್ತಿದ್ದ ಹಾಗೆ ತಿರುವಿ ಹಾಕಿ. ಬೆಂದ ರೊಟ್ಟಿಯನ್ನು ಕೆಂಡದ ಪಕ್ಕಕ್ಕೆ ನಿಲ್ಲಿಸಿದರೆ ಉಬ್ಬುತ್ತದೆ. ಕೆಂಡ ಇಲ್ಲದ ನಾವೆಲ್ಲ ಗ್ಯಾಸ್ ಉರಿಯ ಮೇಲೇ ಹಿಡಿಯುತ್ತೇವೆ.

ಇಷ್ಟೆಲ್ಲ ಕೇಳುವವರು ಅಜ್ಜಿಗೆ ರೊಟ್ಟಿ ಇಷ್ಟವಿತ್ತಾ ಅಂತ ಮಾತ್ರ ಒಬ್ಬರೂ ಕೇಳಿಲ್ಲ.

ಇರಲಿಲ್ಲ. ಅಜ್ಜಿಗೆ ಇಷ್ಟವಿದ್ದದ್ದು ಅನ್ನ. ಜಗಳೂರು ಕಡೆಯ ಒಣ ಹೊಲದ ಮನೆ ನಮ್ಮದು, ಭದ್ರಾ ನಾಲೆಯ ನೀರು ಕಂಡ ಊರುಗಳಲ್ಲಿ ಭತ್ತ, ನಮ್ಮಲ್ಲಿ ಜೋಳ. ಅನ್ನ ಹಬ್ಬಕ್ಕೆ, ಇಲ್ಲಾ ಬೀಗರು ಬಂದಾಗ. ಹೊಲಕ್ಕೆ ಬುತ್ತಿ ಹೋಗಬೇಕಲ್ಲ, ಬೆಳಕು ಹರಿಯುವ ಮೊದಲೇ ಮೂವತ್ತು ನಲವತ್ತು ರೊಟ್ಟಿ ಬಡಿಯುತ್ತಿದ್ದಳು. ಬಲ ಭುಜ ಎಡದ್ದಕ್ಕಿಂತ ಇಳಿದುಹೋಗಿತ್ತು, ರವಿಕೆಯ ಆ ಕಡೆ ಯಾವಾಗಲೂ ಜಾರುತ್ತಿತ್ತು. 2013ರಲ್ಲಿ ರೇಷನ್ ಅಕ್ಕಿ ಕೆಜಿಗೆ ಒಂದು ರೂಪಾಯಿ ಆದಾಗ ಹಲಗೆಯನ್ನು ಅಮ್ಮನ ಕಡೆ ತಳ್ಳಿದಳು. "ಅನ್ನ ಉಣ್ಣೋ ಕಾಲ ಬಂದೈತೆ, ಇನ್ನೂ ಯಾಕ್ ಬಡೀಲಿ?" ಆಮೇಲೆ ಒಂದು ರೊಟ್ಟಿಯನ್ನೂ ಬಡಿಯಲಿಲ್ಲ. ದಿನಾ ಮಧ್ಯಾಹ್ನ ಬಿಸಿ ಅನ್ನ, ತಿಳಿಸಾರು. ನಾವು ರೊಟ್ಟಿ ಮುರಿಯುವುದನ್ನು ನೋಡಿ ಅಯ್ಯೋ ಪಾಪ ಅನ್ನೋಳು.

ಹಾಗಾಗಿ "ಅಜ್ಜಿ ಕೊಟ್ಟುಹೋದ ಆಸ್ತಿ" ಅಂತ ನೀವು ಕಣ್ಣರಳಿಸಿದಾಗ ನನಗೆ ನಗು ಬರುತ್ತದೆ. ಆ ಆಸ್ತಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇರುವುದು ಮೆಕ್ಕೆಜೋಳ. ರೊಟ್ಟಿ ಜೋಳ ನಾವೂ ದುಡ್ಡು ಕೊಟ್ಟೇ ತರುತ್ತೇವೆ.

ಇಷ್ಟು ಓದಿಯೂ ಅಳತೆ ಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಶನಿವಾರ ಹಿಟ್ಟು ಬೀಸಿಸಿ ಇಟ್ಟಿರುತ್ತೇನೆ. ಹಲಗೆ ನಿಮ್ಮ ಮುಂದೆ. ನಾನು ಅನ್ನ ಸಾರು ಕಲಸಿಕೊಂಡು ಪಕ್ಕದಲ್ಲಿ ಕೂತಿರುತ್ತೇನೆ.