'ತೈಲೇತರ ಬೆಳವಣಿಗೆ'ಯ ಅಂಕಿ ಓದುವ ಬಗೆ

ಸೌದಿ ಅರೇಬಿಯಾದ ಜಿಡಿಪಿ ವರದಿ ಬಂದಾಗಲೆಲ್ಲ ತೈಲೇತರ ವಲಯ ಶೇಕಡಾ ಇಷ್ಟು ಬೆಳೆಯಿತು ಎಂಬುದೇ ದೊಡ್ಡ ಸುದ್ದಿ. ಅಂಕಿ ಸುಳ್ಳಲ್ಲ. ಆದರೆ ತೈಲದ ಹಂಗು ಎಷ್ಟು ತಪ್ಪಿತು ಎಂಬುದಕ್ಕೆ ಅದು ಉತ್ತರವೂ ಅಲ್ಲ.

ಹಣ ಹರಿಯುವ ದಾರಿ ನೋಡಿ. ಕಚ್ಚಾತೈಲ ಮಾರಿ ಬಂದ ಡಾಲರ್ ಖಜಾನೆ ಸೇರಿ, ಅಲ್ಲಿಂದ ಸರ್ಕಾರಿ ಸಂಬಳವಾಗಿ, ಕಟ್ಟಡಗಳ ಗುತ್ತಿಗೆಯಾಗಿ ಹೊರಬರುತ್ತದೆ. ಗುತ್ತಿಗೆದಾರ ಸುರಿದ ಕಾಂಕ್ರೀಟು, ನೌಕರ ಮಾಲ್‌ನಲ್ಲಿ ಮಾಡಿದ ಖರ್ಚು ಎಲ್ಲವೂ ಲೆಕ್ಕದಲ್ಲಿ 'ತೈಲೇತರ'. 2014ರ ಜೂನ್‌ನಲ್ಲಿ ಬ್ಯಾರಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್ ತೈಲ (ಜಾಗತಿಕ ತೈಲ ಬೆಲೆಯ ಅಳತೆಗೋಲು) 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಗುತ್ತಿಗೆದಾರರ ಬಿಲ್ಲುಗಳು ಖಜಾನೆಯಲ್ಲಿ ಬಾಕಿ ಉಳಿದವು. ಸಾವಿರಾರು ಭಾರತೀಯ ಕಾರ್ಮಿಕರು ಸಂಬಳವಿಲ್ಲದೆ ಶಿಬಿರಗಳಲ್ಲಿ ಸಿಕ್ಕಿಬಿದ್ದರು. ಅವರು ದುಡಿಯುತ್ತಿದ್ದದ್ದೂ 'ತೈಲೇತರ' ವಲಯದಲ್ಲೇ. ಇದನ್ನು ಮರೆತು ಆ ಅಂಕಿಯನ್ನು ಸಂಭ್ರಮಿಸಬಾರದು.

ನಾನು ಮೊದಲು ನೋಡುವುದು ತೈಲೇತರ ಕೊರತೆಯನ್ನು. ಬಜೆಟ್ಟಿನ ಆದಾಯದಿಂದ ತೈಲದ ಪಾಲು ತೆಗೆದುಹಾಕಿ, ಉಳಿದದ್ದನ್ನು ಒಟ್ಟು ಖರ್ಚಿನಿಂದ ಕಳೆಯಿರಿ. ಸಿಕ್ಕ ಮೊತ್ತ ತೈಲೇತರ ಜಿಡಿಪಿಯ ಶೇಕಡಾ ಎಷ್ಟು ನೋಡಿ. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಬದಲಾವಣೆ ನಿಜ. 2018ರಲ್ಲಿ ಶೇ 5ರಿಂದ ಶುರುವಾದ ವ್ಯಾಟ್ 2020ರ ಜುಲೈನಲ್ಲಿ ಶೇ 15ಕ್ಕೇರಿದ್ದು ಈ ದಿಕ್ಕಿನ ಗಟ್ಟಿ ಹೆಜ್ಜೆ. ಆದರೂ ವ್ಯಾಟ್ ಬೀಳುವುದು ಖರ್ಚಿನ ಮೇಲೆ, ಆ ಖರ್ಚಿನ ಬೇರು ಮತ್ತೆ ತೈಲದಲ್ಲಿ.

ರಫ್ತಿನ ಪಟ್ಟಿಯಲ್ಲೂ ಹೀಗೇ ಸೋಸಬೇಕು. ತಂದು ಮರುರಫ್ತು ಮಾಡಿದ ಸರಕನ್ನು ಮೊದಲು ಬಿಡಿ. ಆಮೇಲೆ ರಾಸಾಯನಿಕ, ಪ್ಲಾಸ್ಟಿಕ್ಕುಗಳನ್ನು ಬೇರೆಯಿಡಿ. ತೈಲೇತರ ರಫ್ತಿನಲ್ಲಿ ದೊಡ್ಡ ಪಾಲು ಅವುಗಳದ್ದೇ, ತೈಲದ ಜೊತೆಗೂ ಹೊರಬರುವ ಅಗ್ಗದ ಎಥೇನ್ ಅನಿಲದಿಂದ ಹುಟ್ಟಿದವು. ತೈಲದ ಬೆಲೆ ಬಿದ್ದರೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬೆಲೆಯೂ ಸಾಮಾನ್ಯವಾಗಿ ಜೊತೆಗೇ ಬೀಳುತ್ತದೆ.

ಕೊನೆಗೆ ಉಳಿಯುವುದು ಕಡಿಮೆ, ಕಾರಣವೂ ಸ್ಪಷ್ಟ. 1986ರಿಂದ ಡಾಲರಿಗೆ 3.75 ರಿಯಾಲ್ ಎಂದು ದರ ನಿಗದಿಯಾಗಿದೆ. ತೈಲದ ಹಣ ನುಗ್ಗಿದಾಗ ನಾಣ್ಯದ ಬೆಲೆ ಏರುವುದಿಲ್ಲ, ಬದಲಿಗೆ ಬಾಡಿಗೆ, ಸೇವೆ, ಸ್ಥಳೀಯರ ಸಂಬಳ ಏರುತ್ತವೆ. ಕಾರ್ಖಾನೆ ಮಾತ್ರ ಜಾಗತಿಕ ಬೆಲೆಗೇ ಮಾರಬೇಕು. ಅದು ಅಗ್ಗದ ವಲಸೆ ಕೂಲಿಯನ್ನು ನೆಚ್ಚಿಕೊಳ್ಳುತ್ತದೆ, ಯಂತ್ರಕ್ಕೆ ಹಣ ಹಾಕುವುದಿಲ್ಲ.

ತೈಲ ಮಾರುವ ಇನ್ನೊಂದು ದೇಶವಾದ ನಾರ್ವೆ ಈ ಹಣ ಒಳನುಗ್ಗುವುದನ್ನೇ ತಡೆಯಿತು. 1990ರ ಕಾನೂನಿನಡಿ ಸ್ಥಾಪಿಸಿದ ತೈಲ ನಿಧಿಗೆ 1996ರಲ್ಲಿ ಮೊದಲ ಕಂತು ಬಿತ್ತು. ಹೂಡಿಕೆಯೆಲ್ಲ ಹೊರದೇಶಗಳಲ್ಲಿ. ಬಜೆಟ್ಟಿಗೆ ಬಳಸಬಹುದಾದ್ದು ನಿಧಿಯ ಅಂದಾಜು ಪ್ರತಿಫಲವನ್ನಷ್ಟೇ: 2001ರ ನಿಯಮದಲ್ಲಿ ನಿಧಿಯ ಮೊತ್ತದ ಶೇ 4, 2017ರಿಂದ ಶೇ 3.

ಸೌದಿಯ ಮುಂದಿನ ವರದಿಯನ್ನು ತೈಲ ದುಬಾರಿಯಾದ ವರ್ಷದಲ್ಲಿ ಓದಿ ನೋಡಿ. ತೈಲೇತರ ಕೊರತೆ ಆಗಲೂ ಹಿಗ್ಗದಿದ್ದರೆ ಕೆಲಸ ನಡೆದಿದೆ.