ಕಾಮೆಂಟ್ ಲಿಂಕ್ ಪ್ರಯೋಗ: ಎಂಟು ವಾರಗಳ ಟಿಪ್ಪಣಿ

ನೆರಳು ಗಡಿಯಾರಗಳ ಬಗ್ಗೆ ನಾನೊಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ಲೆಕ್ಕ, ಚಿತ್ರ, ರಟ್ಟಿನಲ್ಲಿ ಕತ್ತರಿಸಿ ಮಾಡುವ ಮಾದರಿ, ಇಷ್ಟೇ ಅದರಲ್ಲಿರುವುದು. "ಬೇರೆ ಬ್ಲಾಗ್‌ಗಳಲ್ಲಿ ಕಾಮೆಂಟ್ ಹಾಕಿ ಲಿಂಕ್ ಬಿಟ್ಟು ಬಾ, ಗೂಗಲ್‌ನಲ್ಲಿ ಮೇಲೆ ಬರ್ತೀಯ" ಅಂತ ಗೆಳೆಯನೊಬ್ಬ ಹೇಳಿದ. ಈ ಮಾತನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಈ ಸಲ ನಾನೇ ಪರೀಕ್ಷೆ ಮಾಡಿ ನೋಡೋಣ ಅನ್ನಿಸಿತು.

ವಾರ 1

ಬರೀ ಓದು. ಪುಟಗಳಿಗೆ ತೂಕ ಕಟ್ಟಲು 1998ರಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮುಂದಿಟ್ಟ ಪೇಜ್‌ರ‍್ಯಾಂಕ್ ಎಂಬ ಲೆಕ್ಕದ ತಿರುಳು ಸರಳ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು. ಶಿಫಾರಸು ಮಾಡುವ ಪುಟಕ್ಕೆ ಎಷ್ಟು ತೂಕವೋ, ಅದರ ಮಾತಿಗೂ ಅಷ್ಟು ತೂಕ. ಕಾಮೆಂಟ್ ಪೆಟ್ಟಿಗೆ ಈ ಲೆಕ್ಕವನ್ನೇ ಕೆಡಿಸಿತು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಪುಟದ ಒಡೆಯನ ಹೆಸರಲ್ಲಿ ತಮಗೆ ತಾವೇ ಶಿಫಾರಸು ಬರೆದುಕೊಳ್ಳಬಹುದಿತ್ತು. ಅದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್ಎನ್ ಮೂರೂ ಸರ್ಚ್ ಎಂಜಿನ್‌ಗಳು ನೋಫಾಲೋ ಗುರುತನ್ನು ಒಪ್ಪಿಕೊಂಡವು. ಲಿಂಕ್‌ನ ಕೋಡ್‌ನಲ್ಲಿ ಅದಿದ್ದರೆ, ಈ ಲಿಂಕನ್ನು ಶಿಫಾರಸು ಅಂತ ಎಣಿಸಬೇಡಿ ಎಂದರ್ಥ. ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಅದೇ ವರ್ಷ ಕಾಮೆಂಟ್ ಲಿಂಕ್‌ಗಳಿಗೆಲ್ಲ ಅದನ್ನು ತಾನಾಗಿ ಅಂಟಿಸತೊಡಗಿತು. 2012ರಲ್ಲಿ ಗೂಗಲ್ ತಂದ ಪೆಂಗ್ವಿನ್ ಎಂಬ ಅಪ್‌ಡೇಟ್ ಕಳ್ಳ ಲಿಂಕ್ ಕಟ್ಟಿಕೊಂಡ ಸೈಟ್‌ಗಳನ್ನು ಕೆಳಕ್ಕೆ ತಳ್ಳಿತು.

ಇಷ್ಟಾದ ಮೇಲೂ ವಾದ ಯಾಕೆ ನಿಂತಿಲ್ಲ? 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನಿಯಮ ಬದಲಿಸಿತು. ಓದುಗರು ಬರೆದದ್ದಕ್ಕೆ ಯುಜಿಸಿ, ದುಡ್ಡು ಕೊಟ್ಟದ್ದಕ್ಕೆ ಸ್ಪಾನ್ಸರ್ಡ್ ಅಂತ ಎರಡು ಹೊಸ ಗುರುತು ಬಂದವು. ಇನ್ನು ಮುಂದೆ ಇವೆಲ್ಲ ಕಟ್ಟಪ್ಪಣೆ ಅಲ್ಲ, ಬರೀ ಸುಳಿವು ಅಂತಲೂ ಹೇಳಿತು. ಪುಟ ಹುಡುಕಿ ಗೂಗಲ್‌ನ ಸೂಚಿಗೆ (ಇಂಡೆಕ್ಸ್) ಸೇರಿಸುವ ವಿಚಾರದಲ್ಲಿ ಇದು 2020ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ "ಸುಳಿವು" ಎಂಬ ಒಂದು ಪದವೇ ನನ್ನ ಪ್ರಯೋಗಕ್ಕೆ ಕಾರಣ.

ವಾರ 2

ಎರಡು ಹೊಸ ಪುಟ ಮಾಡಿದೆ. ಸೈಟ್‌ನ ಒಳಗಿನಿಂದ ಎರಡಕ್ಕೂ ಲಿಂಕ್ ಇಲ್ಲ, ಸರ್ಚ್ ಎಂಜಿನ್‌ಗಳಿಗೆಂದು ಇಡುವ ಪುಟಗಳ ಪಟ್ಟಿ, ಅಂದರೆ ಸೈಟ್‌ಮ್ಯಾಪ್‌ನಲ್ಲೂ ಹೆಸರಿಲ್ಲ. ಮೊದಲನೆಯದಕ್ಕೆ ಕಾಮೆಂಟ್‌ಗಳಿಂದ ಮಾತ್ರ ದಾರಿ. ಎರಡನೆಯದಕ್ಕೆ ಎಲ್ಲಿಂದಲೂ ಇಲ್ಲ, ಅದು ಹೋಲಿಕೆಗೆ.

ಹೇಳುವುದಕ್ಕೆ ಏನಾದರೂ ಇದ್ದ ಕಡೆ ಮಾತ್ರ ಬರೆಯಬೇಕು ಅಂತ ನಿಯಮ ಹಾಕಿಕೊಂಡೆ. ಖಗೋಳದ ಬ್ಲಾಗ್ ಒಂದರಲ್ಲಿ ಓದುಗರೊಬ್ಬರು, ನವೆಂಬರ್ ಶುರುವಿನಲ್ಲಿ ತಮ್ಮ ನೆರಳು ಗಡಿಯಾರ ಕೈಗಡಿಯಾರಕ್ಕಿಂತ 16 ನಿಮಿಷ ಮುಂದೆ ಯಾಕಿದೆ ಅಂತ ಕೇಳಿದ್ದರು. ಎಷ್ಟು ಒಳ್ಳೆಯ ಪ್ರಶ್ನೆ! ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಎರಡೂ ಸೇರಿ ಹೀಗಾಗುತ್ತದೆ. ಫೆಬ್ರವರಿ ನಡುವಿಗೆ ಅದೇ ಗಡಿಯಾರ ಸುಮಾರು 14 ನಿಮಿಷ ಹಿಂದೆ ಬೀಳುತ್ತದೆ. ಇದನ್ನು ಬಿಡಿಸಿ ಬರೆದು, ಈ ವ್ಯತ್ಯಾಸಗಳ ಪಟ್ಟಿ ಇರುವ ನನ್ನ ಮೊದಲ ಪುಟದ ಲಿಂಕ್ ಕೊಟ್ಟೆ.

ಒಟ್ಟು ಏಳು ಕಾಮೆಂಟ್. ನಾಲ್ಕು ಉಳಿದುಕೊಂಡವು. ಆ ಪುಟಗಳ ಸೋರ್ಸ್ ಕೋಡ್ ತೆರೆದು ನೋಡಿದರೆ ನಾಲ್ಕಕ್ಕೂ ನೋಫಾಲೋ ಇದೆ, ಮೂರಕ್ಕೆ ಯುಜಿಸಿ ಕೂಡ.

ವಾರ 4

ಸೈಟ್‌ಗೆ ಯಾರು ಬಂದರೆಂದು ದಾಖಲಾಗುವ ಸರ್ವರ್ ಲಾಗ್‌ನಲ್ಲಿ, ಪುಟ ಹುಡುಕುತ್ತ ಓಡಾಡುವ ಗೂಗಲ್‌ನ ತಂತ್ರಾಂಶ ಗೂಗಲ್‌ಬಾಟ್‌ನ ಹೆಸರು ಕಾಣಿಸಿತು! ಆದರೆ ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಐಪಿ ವಿಳಾಸದಿಂದ ಹೆಸರು ಹುಡುಕಿ, ಆ ಹೆಸರಿಂದ ಮತ್ತೆ ಅದೇ ವಿಳಾಸ ಸಿಗುತ್ತದಾ ಅಂತ ನೋಡಬೇಕು. ಹಾಗೆ ಸೋಸಿದಾಗ ಹೆಚ್ಚಿನವು ನಕಲಿ. ಒಂದು ಮಾತ್ರ ಅಸಲಿ, ಮೊದಲ ಪುಟಕ್ಕೆ ಬಂದದ್ದು. ಎರಡನೇ ಪುಟದ ಕಡೆ ಯಾರೂ ಸುಳಿದಿಲ್ಲ.

ಹಾಗಾದರೆ ನೋಫಾಲೋ ಲಿಂಕ್ ಹಿಡಿದೇ ಬಂತು ಅನ್ನಬಹುದಾ? ಅವತ್ತು ಸಂಜೆ ಹಾಗೇ ಅಂದುಕೊಂಡಿದ್ದೆ. ಮರುದಿನ ಹುಡುಕಿದಾಗ, ಆ ಬ್ಲಾಗ್ ಬರಹವನ್ನು ಕಾಮೆಂಟ್ ಸಮೇತ ನಕಲು ಮಾಡಿದ ಇನ್ನೊಂದು ಸೈಟ್ ಸಿಕ್ಕಿತು. ಅದರಲ್ಲಿ ಲಿಂಕ್ ಇದೆ, ನೋಫಾಲೋ ಇಲ್ಲ. ಬಾಟ್ ಯಾವ ದಾರಿಯಲ್ಲಿ ಬಂತೋ ಲಾಗ್ ಹೇಳುವುದಿಲ್ಲ. ಹಾಗಾಗಿ ಈ ಭಾಗದ ಉತ್ತರ ಅರ್ಧವೇ.

ವಾರ 5ರಿಂದ 7

ಮೊದಲ ಪುಟ ಸೂಚಿಗೆ ಸೇರಿತು. ಒಂದು ಇಡೀ ಸಾಲನ್ನು ಉದ್ಧರಣೆ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಸಿಗುತ್ತದೆ. ಆದರೆ ಜನ ಹುಡುಕುವಂಥ ಮಾತುಗಳಿಗೆ ಎಲ್ಲೂ ಇಲ್ಲ. ಸೈಟ್‌ನ ಹಳೇ ಪುಟಗಳೂ ಇದ್ದಲ್ಲೇ ಇವೆ.

ಸೈಟ್ ನಡೆಸುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಲಿಂಕ್ ಪಟ್ಟಿಯಲ್ಲಿ ಕಾಮೆಂಟ್ ಲಿಂಕ್‌ಗಳು ಕಾಣುತ್ತವೆ. ತುಂಬಾ ಜನ ಎಡವುವುದು ಇಲ್ಲೇ. ಆ ಪಟ್ಟಿಯಲ್ಲಿ ನೋಫಾಲೋ ಲಿಂಕ್‌ಗಳೂ ಇರುತ್ತವೆ. ಪಟ್ಟಿಯಲ್ಲಿ ಇದೆ ಅಂದಮಾತ್ರಕ್ಕೆ ತೂಕ ಸಿಕ್ಕಿದೆ ಅಂತಲ್ಲ.

"ನಾಲ್ಕು ಸಾಲದು, ನಾನೂರು ಹಾಕಿ ನೋಡು" ಅಂದ ಗೆಳೆಯ. ಮಾಡಲ್ಲ. ಹಾಗೆ ಕಾಮೆಂಟ್‌ಗಳಲ್ಲಿ ಲಿಂಕ್ ತುರುಕುವುದನ್ನು ಗೂಗಲ್ ತನ್ನ ನೀತಿಯಲ್ಲಿ ಸ್ಪ್ಯಾಮ್ ಎಂದೇ ಎಣಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಬೇರೆಯವರ ಅಂಗಳ. ನನ್ನ ಪ್ರಯೋಗಕ್ಕೆ ಅವರು ಯಾಕೆ ಕಸ ಗುಡಿಸಬೇಕು?

ನನ್ನ ತೀರ್ಮಾನ ಇಷ್ಟು. ಕಾಮೆಂಟ್ ಲಿಂಕ್ ಪುಟದ ಇರವನ್ನು ತಿಳಿಸಿರಬಹುದು. ಮೇಲಕ್ಕೆ ಎತ್ತಲಿಲ್ಲ. ಓದುಗರು ಮಾತ್ರ ಬಂದರು. ಪ್ರಶ್ನೆ ಕೇಳಿದವರು ಪಟ್ಟಿ ಇಳಿಸಿಕೊಂಡು, ಜನವರಿಯ ಒಂದು ಅಂಕಿ ತಪ್ಪಿದೆ ಅಂತ ತೋರಿಸಿಕೊಟ್ಟರು. ತಿದ್ದಿದೆ.

ವಾರ 8

ಬೇರೆಯವರ ಸೋರ್ಸ್ ನೋಡಿ ನೋಡಿ, ನನ್ನದನ್ನೂ ನೋಡೋಣ ಅಂತ ತೆರೆದೆ. ನನ್ನ ಟೆಂಪ್ಲೇಟ್ ನಾನೇ ಬರೆದದ್ದು, ಹಳೆಯದು. ಕಾಮೆಂಟ್ ಲಿಂಕ್‌ಗಳಿಗೆ ಯಾವ ಗುರುತೂ ಇರಲಿಲ್ಲ. ಸಾಲ ಕೊಡುವವರು, ಮಾತ್ರೆ ಮಾರುವವರು ಎಲ್ಲರೂ ಇಷ್ಟು ವರ್ಷ ನನ್ನ ಹೆಸರಲ್ಲಿ ಶಿಫಾರಸು ಬರೆದುಕೊಂಡಿದ್ದರು. ಮನಸ್ಸಿಗೆ ನೋವಾಯಿತು. ಎರಡು ಸಂಜೆ ಕೂತು ಅವನ್ನೆಲ್ಲ ಅಳಿಸಿದೆ. ಉಳಿದ ಲಿಂಕ್‌ಗಳಿಗೆ ಯುಜಿಸಿ ಹಾಕಿದೆ. ಹೊಸ ಕಾಮೆಂಟ್ ಈಗ ನಾನು ಓದಿದ ಮೇಲೆಯೇ ಕಾಣಿಸುತ್ತದೆ.

ಪ್ರಯೋಗದ ಎರಡೂ ಪುಟಗಳಿಗೆ ಇವತ್ತು ಮುಖಪುಟದಿಂದ ಲಿಂಕ್ ಕೊಟ್ಟೆ. ಮುಂದಿನ ಕೆಲಸ, ಆ 16 ಮತ್ತು 14 ನಿಮಿಷಗಳ ವಕ್ರರೇಖೆಯನ್ನು ರಟ್ಟಿನ ಮಾದರಿಯ ಮೇಲೆಯೇ ಬರೆಯುವುದು.