ಕ್ರ್ಯಾಗ್‌ಸೈಡ್: ಹಳ್ಳದ ನೀರು ದೀಪ ಹಚ್ಚಿದ ಮನೆ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ತಂಗಿ ಮನೇಲಿದ್ದಾಗ ಒಂದಿನ ಬಿಡುವು ಸಿಕ್ತು, ಯಾವ್ದಾದ್ರೂ ಕೋಟೆ ನೋಡೋಣ್ವಾ ಅಂದ್ಲು ಅವ್ಳು, ನಾನು ಬೇಡ, ಕ್ರ್ಯಾಗ್‌ಸೈಡ್‌ಗೇ ಹೋಗೋಣ ಅಂತ ಹಠ ಹಿಡಿದೆ. ರಾತ್‌ಬರಿ ಅನ್ನೋ ಚಿಕ್ಕ ಊರಿನ ಹತ್ರ, ಬಂಡೆಗುಡ್ಡದ ಮೇಲೆ ಪೈನ್ ಮರಗಳ ನಡುವೆ ಇದೆ ವಿಲಿಯಂ ಆರ್ಮ್‌ಸ್ಟ್ರಾಂಗ್ ಅವ್ರ ಮನೆ. ಈ ಮನುಷ್ಯ ಮೊದಲು ವಕೀಲ, ಆದ್ರೆ ಧ್ಯಾನವೆಲ್ಲ ನೀರಿನ ಮೇಲೆ. ನೀರಿನ ಒತ್ತಡದಿಂದ ನಡೆಯೋ ಕ್ರೇನ್ ಮಾಡಿ, 1847ರಲ್ಲಿ ನ್ಯೂಕ್ಯಾಸಲ್‌ನ ಎಲ್ಸ್‌ವಿಕ್‌ನಲ್ಲಿ ಫ್ಯಾಕ್ಟರಿನೇ ಶುರು ಮಾಡಿಬಿಟ್ರು.

ಮನೆ ದೊಡ್ಡದು, ರೂಮುಗಳಿಗೆ ಲೆಕ್ಕ ಇಲ್ಲ, ಆದ್ರೆ ನನ್ನ ಕಾಲು ನಿಂತಿದ್ದು ಲೈಬ್ರರೀಲಿ. ಅಲ್ಲಿ ಬಣ್ಣದ ಎನಾಮಲ್ ಕೆಲಸದ ತಾಮ್ರದ ಹೂದಾನಿಗಳಿವೆ, ಒಂದೊಂದರ ತಲೆ ಮೇಲೂ ಗಾಜಿನ ಗುಂಡು. ಇಂಗ್ಲೆಂಡಿನ ಸಂಶೋಧಕ ಜೋಸೆಫ್ ಸ್ವಾನ್ ಮಾಡಿದ ಬಲ್ಬುಗಳನ್ನ 1880ರಲ್ಲಿ ಇಲ್ಲಿ ಹಾಕಿದ್ರು. ಆಗ ಸ್ವಿಚ್ ಎಲ್ಲಿಂದ ಬರ್ಬೇಕು? ಹೂದಾನಿ ಕೂರೋ ಪೀಠದಲ್ಲಿ ಒಂಚೂರು ಪಾದರಸ, ಹೂದಾನಿ ಇಟ್ರೆ ಕರೆಂಟ್ ಹರಿದು ದೀಪ ಹತ್ತುತ್ತಿತ್ತು, ಎತ್ತಿದ್ರೆ ಆರುತ್ತಿತ್ತು, ಅಷ್ಟೇ! ಹೂದಾನಿಯ ತಾಮ್ರನೇ ತಂತಿ ಥರ ಕೆಲಸ ಮಾಡ್ತಿತ್ತು. ಬಗ್ಗಿ ಬಗ್ಗಿ ಅದರ ಬುಡನೇ ನೋಡ್ತಾ ನಿಂತಿದ್ದೆ, ತಂಗಿ ಎರಡು ರೂಮ್ ಮುಂದೆ ಹೋಗಿ ವಾಪಸ್ ಬಂದ್ಲು.

ಕರೆಂಟ್ ಬರ್ತಿದ್ದಿದ್ದೂ ಇದೇ ಗುಡ್ಡದ ನೀರಿಂದ. ಹಳ್ಳಕ್ಕೆ ಅಡ್ಡ ಕಟ್ಟಿ ಕೆರೆ ಮಾಡಿ, ಟರ್ಬೈನ್ ತಿರುಗಿಸಿ, 1878ರಲ್ಲೇ ಚಿತ್ರಗಳ ಗ್ಯಾಲರಿಗೆ ಆರ್ಕ್ ಲ್ಯಾಂಪ್ (ಎರಡು ಇಂಗಾಲದ ಕಡ್ಡಿಗಳ ನಡುವೆ ಕರೆಂಟ್ ಹಾರಿ ಬೆಳಗೋ ದೀಪ) ಬೆಳಗಿಸಿದ್ರು. ಕೆಳಗೆ ಅಡುಗೆಮನೇಲಿ ಮಾಂಸ ಸುಡೋ ಸಲಾಕೆ ತಿರುಗಿಸ್ತಿದ್ದಿದ್ದೂ ನೀರೇ. ಲಿಫ್ಟೂ ನೀರಿಂದನೇ, ಕೆಲಸದವರು ಕಲ್ಲಿದ್ದಲು ಹೊತ್ಕೊಂಡು ಮೆಟ್ಟಿಲು ಹತ್ತೋದು ತಪ್ತು, ನನಗೆ ಬಲ್ಬಿಗಿಂತ ಇದೇ ದೊಡ್ಡದು ಅನ್ನಿಸ್ತು.

ಡ್ರಾಯಿಂಗ್ ರೂಮಿನ ಆಳೆತ್ತರ ಮೀರಿದ ಅಮೃತಶಿಲೆಯ ಅಗ್ಗಿಷ್ಟಿಕೆ ಎದುರು ಮಾತ್ರ ಮನಸ್ಸು ಸ್ವಲ್ಪ ಭಾರ ಆಯ್ತು. ಈ ವೈಭವದ ದುಡ್ಡಲ್ಲಿ ಫಿರಂಗಿ, ಯುದ್ಧನೌಕೆ ಮಾರಿದ್ದೂ ಸೇರಿದೆ, ಎಲ್ಸ್‌ವಿಕ್‌ನ ಫಿರಂಗಿಗಳು ಎಷ್ಟೋ ದೇಶಗಳಿಗೆ ಹೋದ್ವು. ಮನೆ ಮೆಚ್ಚೋವಾಗ ಅದನ್ನ ಮರೆಯೋಕಾಗಲ್ಲ.

ಹೊರಗೆ ಕಬ್ಬಿಣದ ಸೇತುವೆ ದಾಟಿ ಟಂಬಲ್ಟನ್ ಕೆರೆ ಕಡೆ ನಡೆದ್ವಿ. 2014ರಲ್ಲಿ ಅಲ್ಲಿ ಆರ್ಕಿಮಿಡಿಸ್ ಸ್ಕ್ರೂ ಹಾಕಿದ್ದಾರೆ, ಮನೆಗೆ ಮತ್ತೆ ನೀರಿಂದ ಕರೆಂಟ್ ಸಿಗ್ಲಿ ಅಂತ. ಉದ್ದನೆ ಉಕ್ಕಿನ ಸುರುಳಿ, ಅದರ ಒಂದೊಂದು ಮಡಿಕೇಲೂ ನೀರು ತುಂಬ್ಕೊಂಡು ನಿಧಾನಕ್ಕೆ ಕೆಳಗಿಳಿಯುತ್ತೆ, ಆ ಭಾರಕ್ಕೆ ಸುರುಳಿ ತಿರುಗಿ ಕರೆಂಟ್ ಹುಟ್ಟುತ್ತೆ. ಹೋಗೋಣ ಹೋಗೋಣ ಅಂತಿದ್ದ ತಂಗಿನೇ ಅಲ್ಲಿ ಕಂಬಿ ಹಿಡ್ಕೊಂಡು ನಿಂತ್ಬಿಟ್ಲು.